ಶುಕ್ರನ ಮೋಡಕ್ಕೊಂದು ಬಲೂನು ಕಳಿಸಿ: ಇಸ್ರೋಗೆ ಮುಂಬೈಯಿಂದ ಬಹಿರಂಗ ಪತ್ರ

ಇಸ್ರೋ ಅಧ್ಯಕ್ಷರಿಗೆ, ಬಾಹ್ಯಾಕಾಶ ಇಲಾಖೆಯ ಹಿರಿಯರಿಗೆ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಿಗೆ,

ನಮಸ್ಕಾರ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. 2028ರಲ್ಲಿ ಹೊರಡಲಿರುವ ನಮ್ಮ ಶುಕ್ರ ಕಕ್ಷಾನೌಕೆಯ ನಂತರ, ನಾವು ಎರಡನೇ ಸಲ ಶುಕ್ರಕ್ಕೆ ಹೋಗುವಾಗ, ಜೊತೆಗೊಂದು ಬಲೂನು ಹೋಗಲಿ. ಅದು ಶುಕ್ರನ ಮೋಡದೊಳಗೆ ಇಳಿಯಲಿ, ಅಲ್ಲೇ ಉಬ್ಬಲಿ, ವಾರಗಟ್ಟಲೆ ತೇಲುತ್ತಾ ಅಲ್ಲಿನ ಸುದ್ದಿ ಕಳಿಸಲಿ. ಆ ನಿರ್ಧಾರ ಈಗಲೇ ಆಗಲಿ. ಇಂಥ ಬಲೂನು ಒಂದೆರಡು ವರ್ಷದಲ್ಲಿ ತಯಾರಾಗುವ ವಸ್ತುವಲ್ಲ. ಬಟ್ಟೆ, ಲೇಪನ, ಉಪಕರಣ, ಪರೀಕ್ಷೆ ಎಲ್ಲಕ್ಕೂ ಕಾಲ ಬೇಕು.

ನಾನು ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ, ಗಣಿತ ಕಲಿಸಿ ನಿವೃತ್ತಳಾದವಳು. ಈಗ ಭಾನುವಾರ ಮಾಟುಂಗಾ, ವಡಾಲಾ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಾನು ವಿಜ್ಞಾನಿಯಲ್ಲ. ಆದರೆ ಇದು ಸಾರ್ವಜನಿಕ ಹಣದ ಕೆಲಸ, ಹಾಗಾಗಿ ಸಾರ್ವಜನಿಕವಾಗಿಯೇ ಕೇಳುವುದು ಸರಿ ಅನ್ನಿಸಿತು. ಕನ್ನಡದಲ್ಲಿ ಯಾಕೆ ಅಂದರೆ, ಈ ಮಾತು ನಿಮ್ಮ ಮೇಜಿಗೆ ಮಾತ್ರ ಮುಟ್ಟಿದರೆ ಸಾಲದು. ಈ ಊರಿನ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರೂ ಇದನ್ನು ಓದಬೇಕು, ತಮ್ಮ ಮಕ್ಕಳಿಗೆ ಓದಿಸಬೇಕು.

2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಶುಕ್ರ ಕಕ್ಷಾನೌಕೆಗೆ ಒಪ್ಪಿಗೆ ಕೊಟ್ಟಾಗ ನನಗೆ ತುಂಬಾ ಸಂತೋಷವಾಯಿತು. 1,236 ಕೋಟಿ ರೂಪಾಯಿಯ ಯೋಜನೆ, 2028ರ ಮಾರ್ಚ್‌ನಲ್ಲಿ ಉಡಾವಣೆ. ಅದು ಗ್ರಹದ ಸುತ್ತ ಸುತ್ತುತ್ತದೆ, ರಾಡಾರಿನಿಂದ ಮೋಡ ಸೀಳಿ ನೆಲ ನೋಡುತ್ತದೆ, ಮೋಡದ ಮೇಲ್ಭಾಗವನ್ನೂ ನೋಡುತ್ತದೆ. ಆ ಕೆಲಸ ಆಗಲೇಬೇಕು. ಅದನ್ನು ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದರ ಮುಂದಿನ ಹೆಜ್ಜೆಯ ಬಗ್ಗೆ ಈ ಪತ್ರ.

ಗಾಳಿಯನ್ನು ಮೇಲಿನಿಂದ ನೋಡಿದರೆ ಎಲ್ಲ ಗೊತ್ತಾಗುವುದಿಲ್ಲ. ಇದು ಮುಂಬೈಯವರಿಗೆ ಚೆನ್ನಾಗಿ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಇದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ನಡುವೆ ಎಷ್ಟು ದೂರ ಇದೆ ಹೇಳಿ? ಲೋಕಲ್ ರೈಲಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ. ಆ ಹೊತ್ತಿಗೆ ನಮ್ಮ ತಲೆಯ ಮೇಲೆ ಇನ್ಸಾಟ್ ಉಪಗ್ರಹಗಳಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಇಂದು ಇನ್ನೂ ಒಳ್ಳೆಯ ಉಪಗ್ರಹಗಳಿವೆ. ಆದರೂ ಹವಾಮಾನ ಇಲಾಖೆ ಬಲೂನು ಹಾರಿಸುವುದನ್ನು ನಿಲ್ಲಿಸಿಲ್ಲ. ಸಾಂತಾಕ್ರೂಜ್‌ನಿಂದಲೇ ಬಲೂನು ಏರುತ್ತದೆ. ಅದರ ಕೆಳಗೆ ನೇತಾಡುವ ಪುಟ್ಟ ಡಬ್ಬಿ ಪ್ರತಿ ಎತ್ತರದ ಉಷ್ಣತೆ, ಒತ್ತಡ, ತೇವ ಅಳೆದು ರೇಡಿಯೋದಲ್ಲಿ ಹೇಳುತ್ತದೆ. ಗಾಳಿಯೊಳಗೆ ಒಂದು ಉಪಕರಣ ಇರಲೇಬೇಕು ಅಂತ ನಮ್ಮ ಹವಾಮಾನದವರಿಗೆ ಗೊತ್ತಿದೆ. ಭೂಮಿಯ ಗಾಳಿಗೇ ಹೀಗಾದರೆ, ಇಡೀ ಗ್ರಹವನ್ನೇ ಮೋಡ ಮುಚ್ಚಿಕೊಂಡಿರುವ ಶುಕ್ರಕ್ಕೆ ಇದು ಇನ್ನೂ ಜಾಸ್ತಿ ಬೇಕು, ಅಲ್ವಾ?

ಶುಕ್ರನ ನೆಲದ ಕಥೆ ಎಲ್ಲರಿಗೂ ಗೊತ್ತು. ಸುಮಾರು 465 ಡಿಗ್ರಿ ಸೆಲ್ಸಿಯಸ್ ಬಿಸಿ. ಸೀಸ ಕರಗುವ ಬಿಸಿ. ಒತ್ತಡ ನಮ್ಮಲ್ಲಿಯ ತೊಂಬತ್ತು ಪಟ್ಟಿಗಿಂತ ಜಾಸ್ತಿ. 1982ರ ಮಾರ್ಚ್‌ನಲ್ಲಿ ಅಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ-13 ಕೆಲಸ ಮಾಡಿದ್ದು 127 ನಿಮಿಷ. ಅಷ್ಟಕ್ಕೇ ಅದು ದೊಡ್ಡ ಸಾಧನೆ. ಅಲ್ಲಿ ಬೇರೆ ನೌಕೆಗಳು ಅಷ್ಟು ಹೊತ್ತೂ ಬಾಳಲಿಲ್ಲ.

ಆದರೆ ನೆಲದಿಂದ ಸುಮಾರು 55 ಕಿಲೋಮೀಟರ್ ಮೇಲೆ ಹೋಗಿ ನೋಡಿ. ಅಲ್ಲಿ ಉಷ್ಣತೆ 30 ಡಿಗ್ರಿಯ ಆಸುಪಾಸು. ಒತ್ತಡ ನಮ್ಮ ಸಮುದ್ರ ಮಟ್ಟದ ಅರ್ಧದಷ್ಟು. ಮುಂಬೈಯ ಡಿಸೆಂಬರ್ ಮಧ್ಯಾಹ್ನದಷ್ಟೇ ಹಿತವಾದ ಬಿಸಿ. ಸೌರವ್ಯೂಹದಲ್ಲಿ ಭೂಮಿಯ ಹೊರಗೆ ಉಷ್ಣತೆ, ಒತ್ತಡ ಎರಡೂ ನಮಗೆ ಇಷ್ಟು ಹತ್ತಿರ ಇರುವ ಜಾಗ ಇನ್ನೊಂದಿಲ್ಲ. ತೊಡಕು ಇರುವುದು ಮೋಡದಲ್ಲಿ. ಆ ಮೋಡದ ಹನಿಗಳು ಗಂಧಕಾಮ್ಲದವು. ಗಾಳಿ ಬೀಸುವುದು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ. ಬಲೂನಿಗೆ ಆ ವೇಗದಿಂದ ತೊಂದರೆ ಇಲ್ಲ, ಯಾಕೆಂದರೆ ಅದು ಗಾಳಿಯ ಜೊತೆಗೇ ಹೋಗುತ್ತದೆ. ಎದುರಿಸಿ ನಿಲ್ಲುವುದಿಲ್ಲ. ಶುಕ್ರ ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ ತೆಗೆದುಕೊಳ್ಳುತ್ತದೆ. ಅದರ ಮೋಡಗಳು ಮಾತ್ರ ನಾಲ್ಕೈದು ದಿನಗಳಲ್ಲಿ ಇಡೀ ಗ್ರಹವನ್ನು ಸುತ್ತಿ ಬರುತ್ತವೆ. ಅಂದರೆ ಬಲೂನನ್ನು ಮೋಡದಲ್ಲಿ ಬಿಟ್ಟರೆ ಗಾಳಿಯೇ ಅದಕ್ಕೆ ಪ್ರಪಂಚ ತೋರಿಸುತ್ತದೆ. ಇಂಧನ ಬೇಡ, ಚಕ್ರ ಬೇಡ.

ಭಾನುವಾರದ ತರಗತಿಯಲ್ಲಿ ನಾವು ಒಂದು ಲೆಕ್ಕ ಮಾಡುತ್ತೇವೆ. ನೀವೂ ಮನೆಯಲ್ಲಿ ಮಕ್ಕಳಿಂದ ಮಾಡಿಸಿ. ಶುಕ್ರನ ಗಾಳಿ ಹೆಚ್ಚು ಕಡಿಮೆ ಎಲ್ಲ ಇಂಗಾಲದ ಡೈಆಕ್ಸೈಡ್. ಅದು ನಮ್ಮ ಗಾಳಿಗಿಂತ ಭಾರ. 54 ಕಿಲೋಮೀಟರ್ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 900 ಗ್ರಾಂ ತೂಗುತ್ತದೆ. ಮೂರೂವರೆ ಮೀಟರ್ ಅಗಲದ ಗುಂಡನೆಯ ಬಲೂನಿನಲ್ಲಿ 22 ಘನ ಮೀಟರ್ ಜಾಗ ಇರುತ್ತದೆ. ಗುಣಿಸಿದರೆ 20 ಕಿಲೋ. ಬಲೂನು, ಒಳಗಿನ ಹೀಲಿಯಂ, ಕೆಳಗಿನ ಉಪಕರಣ ಎಲ್ಲ ಸೇರಿ ಸುಮಾರು ಅಷ್ಟು ತೂಕವನ್ನು ಆ ಗಾಳಿ ಹೊರುತ್ತದೆ. ಇದೇ ಬಲೂನನ್ನು ಮಂಗಳದ ನೆಲದ ಹತ್ತಿರ ಬಿಟ್ಟರೆ? ಅಲ್ಲಿನ ಗಾಳಿ ಎಷ್ಟು ತೆಳು ಅಂದರೆ ಅದು ಅರ್ಧ ಕಿಲೋ ಕೂಡ ಎತ್ತುವುದಿಲ್ಲ. ಶನಿಯ ಚಂದ್ರ ಟೈಟಾನ್‌ನಲ್ಲಾದರೆ ನೂರು ಕಿಲೋಗೂ ಮೀರಿ ಎತ್ತೀತು, ಆದರೆ ಅಲ್ಲಿಗೆ ಹೋಗಲು ಏಳೆಂಟು ವರ್ಷ ಬೇಕು. ಶುಕ್ರಕ್ಕೆ ನಾಲ್ಕೈದು ತಿಂಗಳು ಸಾಕು. ಉಡಾವಣೆಯ ಅವಕಾಶವೂ ಸುಮಾರು 19 ತಿಂಗಳಿಗೊಮ್ಮೆ ಬರುತ್ತದೆ.

ಆ ಇಪ್ಪತ್ತು ಕಿಲೋ ಬರೀ ಪುಸ್ತಕದ ಲೆಕ್ಕ ಅಲ್ಲ. ಅದನ್ನು ಮಾಡಿ ತೋರಿಸಿದವರಿದ್ದಾರೆ. 1984ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ವೇಗಾ-1, ವೇಗಾ-2 ಅನ್ನುವ ಎರಡು ನೌಕೆಗಳನ್ನು ಹಾರಿಸಿತು. ಅವು ಹ್ಯಾಲಿ ಧೂಮಕೇತುವಿನ ಕಡೆ ಹೋಗುವ ದಾರಿಯಲ್ಲಿ, 1985ರ ಜೂನ್ 11 ಮತ್ತು 15ರಂದು, ಶುಕ್ರನಲ್ಲಿ ಒಂದೊಂದು ಬಲೂನು ಬಿಟ್ಟು ಹೋದವು. ಗ್ರಹದ ಕತ್ತಲೆಯ ಭಾಗದಲ್ಲಿ ಬಲೂನುಗಳು ಇಳಿದವು. ಪ್ಯಾರಾಶೂಟ್ ಬಿಚ್ಚಿತು, ಹೀಲಿಯಂ ತುಂಬಿತು, ಟೆಫ್ಲಾನ್ ಬಟ್ಟೆಯ ಬಿಳಿ ಗೋಳ ಉಬ್ಬಿ ನಿಂತಿತು. ಅದರಿಂದ ಉದ್ದದ ಹಗ್ಗ. ಹಗ್ಗದ ತುದಿಯಲ್ಲಿ ಏಳು ಕಿಲೋ ತೂಗುವ ಉಪಕರಣದ ಪೆಟ್ಟಿಗೆ. ಉಷ್ಣತೆ, ಒತ್ತಡ, ಮೇಲೆ ಕೆಳಗೆ ಬೀಸುವ ಗಾಳಿ, ಬೆಳಕು, ಮೋಡದ ಸಾಂದ್ರತೆ ಅಳೆಯುವುದು ಅದರ ಕೆಲಸ. ಅದರ ರೇಡಿಯೋದ ಶಕ್ತಿ ಐದು ವಾಟಿಗಿಂತ ಕಡಿಮೆ. ಅಷ್ಟು ಸಣ್ಣ ದನಿಯನ್ನು ಹತ್ತು ಕೋಟಿ ಕಿಲೋಮೀಟರ್ ಆಚೆಯಿಂದ ಕೇಳಲು ಜಗತ್ತಿನ ಸುಮಾರು ಇಪ್ಪತ್ತು ರೇಡಿಯೋ ದೂರದರ್ಶಕಗಳು ಒಟ್ಟಾಗಿ ಕಿವಿಗೊಟ್ಟವು. ಆಗ ಶೀತಲ ಸಮರದ ಕಾಲ. ಸೋವಿಯತ್ತರು, ಫ್ರೆಂಚರು, ಅಮೆರಿಕದವರು ಈ ಒಂದು ಕೆಲಸಕ್ಕೆ ಕೈ ಜೋಡಿಸಿದ್ದರು.

ಎರಡೂ ಬಲೂನುಗಳು ತಲಾ 46 ಗಂಟೆಯಷ್ಟು ಹೊತ್ತು ಮಾತಾಡಿದವು. ಒಂದೊಂದೂ 11 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ತೇಲಿತು. ಕತ್ತಲಿನಿಂದ ಹೊರಟು ಹಗಲಿನ ಭಾಗಕ್ಕೆ ಬಂದವು. ಗಾಳಿ ಶಾಂತವಾಗಿರುತ್ತದೆ ಅಂತ ಅಂದುಕೊಂಡಿದ್ದವರಿಗೆ ಅವು ಬೇರೆಯೇ ಸುದ್ದಿ ಕೊಟ್ಟವು. ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ ಬಲೂನನ್ನು ಕೆಳಗೆ ತಳ್ಳುವ ಗಾಳಿ ಅಲ್ಲಿತ್ತು. ಎರಡನೇ ಬಲೂನು ಅಫ್ರೊಡೈಟ್ ಅನ್ನುವ ಎತ್ತರದ ನಾಡಿನ ಮೇಲೆ ಹೋಗುವಾಗ ಒಮ್ಮೆಲೇ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ಕುಸಿಯಿತು. ಆಮೇಲೆ ಮತ್ತೆ ಏರಿತು. ಕೆಳಗಿನ ಬೆಟ್ಟ ಐವತ್ತು ಕಿಲೋಮೀಟರ್ ಮೇಲಿನ ಗಾಳಿಯನ್ನು ಕದಡುತ್ತದೆ ಅನ್ನುವ ಸುಳಿವು ಸಿಕ್ಕಿದ್ದು ಹಾಗೆ. ಕೊನೆಗೆ ಬಲೂನು ಒಡೆದು ಮಾತು ನಿಂತದ್ದಲ್ಲ. ಬ್ಯಾಟರಿ ಮುಗಿಯಿತು. ಬಲೂನುಗಳು ಅದಾದ ಮೇಲೂ ತೇಲುತ್ತಲೇ ಇದ್ದಿರಬೇಕು.

1985ರ ನಂತರ ಒಂದೇ ಒಂದು ಬಲೂನು ಬೇರೆ ಗ್ರಹಕ್ಕೆ ಹೋಗಿಲ್ಲ. ನಲವತ್ತು ವರ್ಷ. ಇದು ನನ್ನನ್ನು ಬಹಳ ಕಾಡುತ್ತದೆ. ಮಾಡಲು ಆಗದ್ದು ಅಂತ ಬಿಟ್ಟಿದ್ದರೆ ಬೇರೆ ಮಾತು. ಎರಡು ಕಳಿಸಿ ಎರಡೂ ಗೆದ್ದ ಕೆಲಸವನ್ನು ಜಗತ್ತು ಅಲ್ಲಿಗೇ ಬಿಟ್ಟಿತು.

ಈ ಬಲೂನಿನ ಯೋಚನೆ ಮೊದಲು ಮುಂದಿಟ್ಟವರಲ್ಲಿ ಮುಖ್ಯರು ಫ್ರಾನ್ಸಿನ ಜಾಕ್ ಬ್ಲಾಮೋ. ಈ ಹೆಸರು ನಿಮಗೆ ನಾನು ಹೇಳಬೇಕಾಗಿಲ್ಲ, ಓದುಗರಿಗಾಗಿ ಹೇಳುತ್ತೇನೆ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ನಮ್ಮ ನೆಲದ ಮೊದಲ ರಾಕೆಟ್ ಏರಿತಲ್ಲ, ಅದು ಅಮೆರಿಕದ ನೈಕಿ-ಅಪಾಚೆ ರಾಕೆಟ್. ಅದರ ತುದಿಯಲ್ಲಿದ್ದ ಸೋಡಿಯಂ ಆವಿಯ ಉಪಕರಣ ಬ್ಲಾಮೋ ಅವರದು. ವಿಕ್ರಮ್ ಸಾರಾಭಾಯಿ ಅವರ ಸ್ನೇಹಿತರು. ಅಂದರೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಹುಟ್ಟಿದ ಸಂಜೆ ಅಲ್ಲಿದ್ದ ವಿಜ್ಞಾನದ ಹಿಂದಿನ ಮನುಷ್ಯ ಮತ್ತು ಶುಕ್ರನ ಬಲೂನಿನ ಹಿಂದಿನ ಮನುಷ್ಯ ಒಬ್ಬರೇ. ಭಾರತ ಅವರಿಗೆ 2015ರಲ್ಲಿ ಪದ್ಮಶ್ರೀ ಕೊಟ್ಟಿತು. ಇಳಿವಯಸ್ಸಿನಲ್ಲೂ ಅವರಿಗೆ ಭಾರತದ ನೌಕೆಯಲ್ಲಿ ಶುಕ್ರಕ್ಕೆ ಬಲೂನು ಕಳಿಸುವ ಆಸೆ ಇತ್ತು. ಆ ಮಾತನ್ನು ನಮ್ಮ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಮುಂದೆಯೂ ಇಟ್ಟಿದ್ದರು. ರಾವ್ 2017ರಲ್ಲಿ ಹೋದರು, ಬ್ಲಾಮೋ 2020ರಲ್ಲಿ ಹೋದರು. ಈಗ ಒಪ್ಪಿಗೆಯಾಗಿರುವುದು ಕಕ್ಷಾನೌಕೆ. ಹಿರಿಯರ ಆಸೆ ಅನ್ನುವ ಕಾರಣಕ್ಕೇ ಯಾರೂ ಬಲೂನು ಕಳಿಸಬೇಕಾಗಿಲ್ಲ, ಅದು ನನಗೂ ಗೊತ್ತು. ಆದರೆ ಅವರು ಹೇಳಿದ್ದು ವಿಜ್ಞಾನದ ಮಾತು, ಅದರ ತೂಕ ಇವತ್ತಿಗೂ ಕಡಿಮೆಯಾಗಿಲ್ಲ.

ಈಗ ಕೊಲಾಬಾದ ಕಡೆ ಬರುತ್ತೇನೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಹೋಮಿ ಭಾಭಾ 1945ರಲ್ಲಿ ಶುರು ಮಾಡಿದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯಲು ಅವರ ಕಾಲದಿಂದಲೇ ಈ ಸಂಸ್ಥೆ ಬಲೂನು ಹಾರಿಸಿದೆ. 1969ರಿಂದ ಹೈದರಾಬಾದಿನಲ್ಲಿ ಅದಕ್ಕೆ ತನ್ನದೇ ಬಲೂನು ಕೇಂದ್ರ ಇದೆ. ಬಲೂನು ಅಂದರೆ ಮದುವೆ ಮನೆಯ ಬಲೂನಲ್ಲ. ಲಕ್ಷಗಟ್ಟಲೆ ಘನ ಮೀಟರ್ ಜಾಗ ಹಿಡಿಯುವ, ಕೂದಲಿಗಿಂತ ತೆಳುವಾದ ಪಾಲಿಥೀನ್ ಹಾಳೆಯ ಬಲೂನು. ಅದನ್ನು ಅಲ್ಲೇ ತಯಾರಿಸುತ್ತಾರೆ. ಹೈದರಾಬಾದಿನ ಮೇಲೆ 17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಹೋಗುತ್ತದೆ. ಯುರೋಪಿನ ಆಕಾಶಕ್ಕಿಂತ ನಮ್ಮ ಆಕಾಶ ಆ ಎತ್ತರದಲ್ಲಿ ಜಾಸ್ತಿ ತಣ್ಣಗೆ. ಸಾಮಾನ್ಯ ಪ್ಲಾಸ್ಟಿಕ್ ಅಲ್ಲಿ ಬಿರುಕು ಬಿಡುತ್ತದೆ. ಬಿರುಕು ಬಿಡದ ಹಾಳೆಯನ್ನು ನಮ್ಮವರು ಕಷ್ಟಪಟ್ಟು ಕಲಿತರು. ಇಂಥ ತಿಳಿವಳಿಕೆ ಇರುವ ದೇಶಗಳು ಬೆರಳೆಣಿಕೆಯಷ್ಟು.

ಈ ಕಥೆಯಲ್ಲಿ ಒಬ್ಬ ಕನ್ನಡಿಗರಿದ್ದಾರೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್. ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ವಿಶ್ವಕಿರಣ ಅಳೆದವರು. ಅದೇ ಮನುಷ್ಯ 1960ರ ದಶಕದ ಕೊನೆಗೆ ಹೈದರಾಬಾದಿನಿಂದ ಬಲೂನು ಹಾರಿಸಿ ಆಕಾಶದ ಎಕ್ಸ್-ರೇ ಹುಡುಕಲು ಹೊರಟರು. 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರ ತಂಡದಲ್ಲಿ ಬಲೂನಿನ ಕೆಳಗೆ ಕಟ್ಟಿ ಹಾರಿಸಿದ ಉಪಕರಣಗಳಿಂದ ಕಲಿತ ವಿದ್ಯೆ ಮುಂದೆ ಎಲ್ಲಿಗೆ ಬಂತು ನೋಡಿ. 2015ರ ಸೆಪ್ಟೆಂಬರ್ 28ರಂದು ನೀವು ಹಾರಿಸಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಉಪಕರಣಗಳಲ್ಲಿ ದೊಡ್ಡ ಪಾಲು ಕೊಲಾಬಾದ್ದು. ಮುಂಬೈಯ ನಮ್ಮ ಸಂಘ ಸಂಸ್ಥೆಗಳು ಸಾಹಿತಿಗಳ, ಕಲಾವಿದರ ಭಾವಚಿತ್ರ ಹಾಕುತ್ತವೆ. ಶ್ರೀಕಂಠನ್ ಅವರದ್ದೂ ಹಾಕಬೇಕು ಅಂತ ನನ್ನ ಆಸೆ.

ಇನ್ನೊಂದು ಹಾರಾಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2005ರ ಏಪ್ರಿಲ್ 20ರಂದು ಹೈದರಾಬಾದಿನಿಂದ ಏರಿದ ಬಲೂನು 459 ಕಿಲೋ ಸಾಮಾನು ಹೊತ್ತಿತ್ತು. ಅದರಲ್ಲಿ ದ್ರವ ನಿಯಾನ್‌ನಲ್ಲಿ ಮುಳುಗಿಸಿಟ್ಟ ಉಕ್ಕಿನ ಕೊಳವೆಗಳಿದ್ದವು. 20ರಿಂದ 41 ಕಿಲೋಮೀಟರ್ ಎತ್ತರದವರೆಗೆ ಅವು ಬೇರೆ ಬೇರೆ ಕಡೆ ಬಾಯಿ ತೆರೆದು ಗಾಳಿ ಹಿಡಿದು ಮುಚ್ಚಿಕೊಂಡವು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾವನ್ನು ಕಟ್ಟಿದ ಜಯಂತ್ ನಾರ್ಳೀಕರ್ ಅವರ ಮುಂದಾಳತ್ವದ ಕೆಲಸ, ಇಸ್ರೋದ ಬೆಂಬಲ. ಆ ಗಾಳಿಯನ್ನು ಹೈದರಾಬಾದಿನ ಜೀವವಿಜ್ಞಾನ ಪ್ರಯೋಗಾಲಯ ಸಿಸಿಎಂಬಿ ಮತ್ತು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷಿಸಿದರು. ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. 2009ರಲ್ಲಿ ಹೆಸರು ಪ್ರಕಟಿಸಿದಾಗ ಒಂದಕ್ಕೆ ಇಸ್ರೋದ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು ಇಟ್ಟರು.

ಶುಕ್ರನ ಬಗ್ಗೆ ಇಂದು ಜಗತ್ತು ಜಗಳವಾಡುತ್ತಿರುವುದು ಇದೇ ವಿಷಯಕ್ಕೆ: ಅಷ್ಟು ಎತ್ತರದ ಗಾಳಿಯಲ್ಲಿ ಜೀವ ಇರಬಹುದೇ ಅಂತ. 2020ರ ಸೆಪ್ಟೆಂಬರ್‌ನಲ್ಲಿ ಶುಕ್ರನ ಮೋಡದಲ್ಲಿ ಫಾಸ್ಫೀನ್ ಅನಿಲದ ಸುಳಿವು ಸಿಕ್ಕಿದೆ ಅಂತ ಒಂದು ತಂಡ ಹೇಳಿತು. ಭೂಮಿಯಲ್ಲಿ ಆ ಅನಿಲಕ್ಕೂ ಸೂಕ್ಷ್ಮಜೀವಿಗಳಿಗೂ ನಂಟಿದೆ. ಬೇರೆ ತಂಡಗಳು ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಅದು ಬಿಡಿ, ಶುಕ್ರನ ಮೋಡದಲ್ಲಿ ಸೂರ್ಯನ ನೇರಳಾತೀತ ಬೆಳಕನ್ನು ನುಂಗುವ ಕಪ್ಪು ಪಟ್ಟೆಗಳಿವೆ. ಅವು ಯಾವ ವಸ್ತುವಿನವು ಅಂತ ಇವತ್ತಿಗೂ ಖಚಿತವಿಲ್ಲ. ದೂರದಿಂದ ಎಷ್ಟು ದುರ್ಬೀನು ಹಿಡಿದರೂ ಇಂಥ ಜಗಳ ತೀರುವುದು ಕಷ್ಟ. ಮೋಡದೊಳಗೆ ಹೋಗಿ ಹನಿ ಹಿಡಿದು ನೋಡಬೇಕು. ಅಮೆರಿಕದ ಡಾವಿಂಚಿ ಯೋಜನೆಯ ಗೋಳ ಶುಕ್ರನ ಗಾಳಿಯ ಮೂಲಕ ಕೆಳಗೆ ಬೀಳುವಾಗ ಗಾಳಿಯನ್ನು ಪರೀಕ್ಷಿಸಲಿದೆ. ಒಳ್ಳೆಯದು. ಆದರೆ ಅದು ಬೀಳಲು ತೆಗೆದುಕೊಳ್ಳುವುದು ಸುಮಾರು ಒಂದು ಗಂಟೆ. ಮೋಡದಲ್ಲಿ ಇರುವುದು ಅದಕ್ಕಿಂತ ಕಡಿಮೆ. ಬಲೂನು ಅಲ್ಲೇ ಉಳಿಯುತ್ತದೆ. ಹಗಲು, ರಾತ್ರಿ, ಬೆಟ್ಟದ ಮೇಲೆ, ಬಯಲಿನ ಮೇಲೆ ಮತ್ತೆ ಮತ್ತೆ ಅಳೆಯುತ್ತದೆ.

ಬಲೂನಿನಿಂದ ನೆಲದ ಸುದ್ದಿಯೂ ಸಿಗುತ್ತದೆ ಅಂದರೆ ಹಲವರು ನಂಬುವುದಿಲ್ಲ. ನೆಲ ನಡುಗಿದರೆ ಗಾಳಿಯೂ ನಡುಗುತ್ತದೆ. ಕಿವಿಗೆ ಕೇಳದ ಆ ಸಣ್ಣ ಅಲೆ ಮೇಲೇರುತ್ತದೆ. 2019ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ರಿಡ್ಜ್‌ಕ್ರೆಸ್ಟ್ ಹತ್ತಿರ 4.2 ಪ್ರಮಾಣದ ಕಂಪನವಾದಾಗ, ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಿದ್ದ ಬಲೂನಿನ ಒತ್ತಡಮಾಪಕ ಅದನ್ನು ಹಿಡಿಯಿತು. 2021ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ಭೂಕಂಪವನ್ನು ಫ್ರೆಂಚರ ಎತ್ತರದ ಬಲೂನುಗಳು ಹಿಡಿದವು. ಶುಕ್ರನ ನೆಲದಲ್ಲಿ ಭೂಕಂಪಮಾಪಕ ಇಟ್ಟರೆ ಎರಡು ಗಂಟೆಯಲ್ಲಿ ಬೆಂದು ಹೋಗುತ್ತದೆ. ಆದರೆ ಶುಕ್ರನ ಗಾಳಿ ದಪ್ಪ. ನೆಲದ ನಡುಕವನ್ನು ಅದು ನಮ್ಮ ಗಾಳಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಜ್ವಾಲಾಮುಖಿಗಳು ಇನ್ನೂ ಜೀವಂತ ಇವೆ ಅನ್ನುವುದಕ್ಕೆ ಅಮೆರಿಕದ ಮೆಗೆಲ್ಲನ್ ನೌಕೆ 1991ರಲ್ಲಿ ತೆಗೆದ ಹಳೆಯ ರಾಡಾರ್ ಚಿತ್ರಗಳಲ್ಲೇ 2023ರಲ್ಲಿ ಗುರುತು ಸಿಕ್ಕಿತು. ಆ ಗ್ರಹದ ಹೊಟ್ಟೆಯೊಳಗೆ ಏನಿದೆ ಅಂತ ಕೇಳಿಸಿಕೊಳ್ಳಲು ಬಲೂನಿಗಿಂತ ಒಳ್ಳೆಯ ಜಾಗ ಈಗ ನಮ್ಮ ಕೈಗೆ ಸಿಗುವುದಿಲ್ಲ.

ಇಲ್ಲಿ ನನಗೊಂದು ಸಲಹೆ ಇದೆ. ದಯವಿಟ್ಟು ಗಮನ ಕೊಡಿ. ಮಹಾರಾಷ್ಟ್ರದಲ್ಲಿ ಕೊಯ್ನಾ ಇದೆ. 1967ರ ಡಿಸೆಂಬರ್ 11ರ ಭೂಕಂಪವನ್ನು ಮುಂಬೈ, ಪುಣೆಯ ಹಿರಿಯರು ಇನ್ನೂ ಮರೆತಿಲ್ಲ. ಕೊಯ್ನಾ ಜಲಾಶಯದ ಸುತ್ತ ಇಂದಿಗೂ ಸಣ್ಣ ಪುಟ್ಟ ಕಂಪನ ಆಗುತ್ತಲೇ ಇರುತ್ತದೆ. ಚಿಕ್ಕ ಜಾಗದಲ್ಲಿ, ಕಡಿಮೆ ಆಳದಲ್ಲಿ. ಅದನ್ನು ಅಳೆಯಲು ಕರಾಡದಲ್ಲಿ ಭೂವಿಜ್ಞಾನ ಸಚಿವಾಲಯದ ಪ್ರಯೋಗಾಲಯವೇ ಇದೆ. ಅಂದರೆ ನೆಲದಲ್ಲಿ ಏನಾಯಿತು ಅನ್ನುವ ಸರಿಯಾದ ಉತ್ತರ ನಮ್ಮ ಕೈಯಲ್ಲಿ ಮೊದಲೇ ಇರುತ್ತದೆ. ಅದರ ಮೇಲೆ ಬಲೂನು ತೇಲಿಸಿ, ಮೇಲಿನಿಂದ ಕೇಳಿದ್ದು ಅದಕ್ಕೆ ಹೊಂದುತ್ತದೆಯೇ ನೋಡಬಹುದಲ್ಲ? ಕ್ಯಾಲಿಫೋರ್ನಿಯಾದಲ್ಲಿ ಬಳಸಿದ ಬಲೂನುಗಳು ಬಹಳ ಅಗ್ಗದವು. ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್, ಅಂಟು ಪಟ್ಟಿ, ಒಳಗೆ ಸವರಿದ ಇದ್ದಿಲ ಪುಡಿ. ಬಿಸಿಲು ತಾಗಿದರೆ ಒಳಗಿನ ಗಾಳಿ ಕಾಯುತ್ತದೆ, ಬಲೂನು ಏರುತ್ತದೆ. ಸಂಜೆಗೆ ತಾನೇ ಇಳಿಯುತ್ತದೆ. ಹೀಲಿಯಂ ಕೂಡ ಬೇಡ. ವಿಮಾನಯಾನದವರ ಒಪ್ಪಿಗೆ ಕೊಡಿಸಿ, ಕೊಲಾಬಾದವರು ಮುಂದೆ ನಿಂತರೆ, ಸಾತಾರಾ, ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಕಾಲೇಜು ಮಕ್ಕಳು ಈ ಕೆಲಸ ಮಾಡಬಲ್ಲರು. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ತಿಂಗಳುಗಳು ಇದಕ್ಕೆ ಸರಿ. ಮರಾಠಿ ಮಕ್ಕಳೂ ಕನ್ನಡದ ಮಕ್ಕಳೂ ಒಂದೇ ಬಲೂನಿನ ಹಿಂದೆ ಓಡಲಿ.

ಶುಕ್ರನ ನಿಜವಾದ ಬಲೂನಿಗೆ ಬೇಕಾದ ವಿದ್ಯೆ ಬೇರೆ, ಅದನ್ನು ಮರೆತಿಲ್ಲ. ಹೈದರಾಬಾದಿನ ಬಲೂನುಗಳು ಕೆಳಗೆ ಬಾಯಿ ತೆರೆದವು, ಕೆಲವು ಗಂಟೆ ಹಾರುತ್ತವೆ. ಶುಕ್ರಕ್ಕೆ ಬೇಕಾದದ್ದು ಬಾಯಿ ಮುಚ್ಚಿದ, ಒಳಗಿನ ಒತ್ತಡ ತಡೆಯುವ ಬಲೂನು. ಅಮೆರಿಕದ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು 2022ರ ಜುಲೈಯಲ್ಲಿ ನೆವಾಡಾದ ಮರುಭೂಮಿಯಲ್ಲಿ ಇಂಥದ್ದೊಂದರ ಚಿಕ್ಕ ಮಾದರಿ ಹಾರಿಸಿದರು. ಅದು ಬಲೂನಿನೊಳಗೆ ಬಲೂನು. ಒಳಗಿನದರಲ್ಲಿ ಒತ್ತಿ ತುಂಬಿದ ಹೀಲಿಯಂ. ಅದನ್ನು ಹೊರಗಿನದಕ್ಕೆ ಬಿಟ್ಟರೆ ಮೇಲೇರುತ್ತದೆ, ಮತ್ತೆ ಒಳಗೆ ಎಳೆದುಕೊಂಡರೆ ಕೆಳಗಿಳಿಯುತ್ತದೆ. ಹಾಗೆ ಮೋಡದ ಪದರಗಳಲ್ಲಿ ಹತ್ತು ಕಿಲೋಮೀಟರ್ ಮೇಲೆ ಕೆಳಗೆ ಓಡಾಡಬಹುದು. ಅವರ ಕೈಯಲ್ಲೂ ಇನ್ನೂ ಶುಕ್ರಕ್ಕೆ ಹೋಗುವ ಒಪ್ಪಿಗೆ ಇಲ್ಲ. ಅಂದರೆ ಈ ಓಟದಲ್ಲಿ ಯಾರೂ ಬಹಳ ಮುಂದೆ ಹೋಗಿಲ್ಲ.

ಆಮ್ಲ ತಡೆಯುವ ಹಾಳೆ, ಲೇಪನ ಬೇಕಲ್ಲ? ನಮ್ಮ ಮಾಟುಂಗಾದಲ್ಲೇ, ಕನ್ನಡಿಗರು ತುಂಬಿರುವ ಬೀದಿಗಳಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, 1933ರಲ್ಲಿ ಶುರುವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ. ಬಣ್ಣ, ಲೇಪನ, ಪಾಲಿಮರ್ ಅಲ್ಲಿಯ ಹಳೆಯ ವಿದ್ಯೆ. ಪುಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದೆ. ಗಂಧಕಾಮ್ಲದಲ್ಲಿ ತಿಂಗಳುಗಟ್ಟಲೆ ನೆನೆದರೂ ಹಾಳಾಗದ, ಮಡಚಿ ಬಿಚ್ಚಿದರೂ ಬಿರುಕು ಬಿಡದ ಹಾಳೆ ಮಾಡಿ ಕೊಡಿ ಅಂತ ನೀವು ಕೇಳಿದರೆ, ಅವರು ಸಂತೋಷದಿಂದ ತೋಳೇರಿಸುತ್ತಾರೆ ಅನ್ನುವ ನಂಬಿಕೆ ನನ್ನದು.

ಕೇಳಲು ಕಿವಿಯೂ ಇದೆ. 1985ರಲ್ಲಿ ಜಗತ್ತಿನ ದೂರದರ್ಶಕಗಳು ಶುಕ್ರನತ್ತ ತಿರುಗಿದಾಗ ಪುಣೆಯ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ದೊಡ್ಡ ರೇಡಿಯೋ ದೂರದರ್ಶಕ ಇರಲಿಲ್ಲ. ಈಗ ಅಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿವೆ. 2016ರ ಅಕ್ಟೋಬರ್‌ನಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳದಲ್ಲಿ ಇಳಿಯುವಾಗ ಅದರ ಕ್ಷೀಣ ರೇಡಿಯೋ ದನಿಯನ್ನು ಭೂಮಿಯಿಂದ ಹಿಡಿದದ್ದು ಈ ತಟ್ಟೆಗಳೇ. ನೌಕೆ ನೆಲಕ್ಕೆ ಬಡಿದು ಹೋಯಿತು, ಆದರೆ ಕೊನೆಯ ಹೊತ್ತಿನವರೆಗೆ ಕೇಳಿಸಿಕೊಂಡವರು ನಮ್ಮವರು. ಬಲೂನಿನ ರೇಡಿಯೋಗೆ ಜಿಎಂಆರ್‌ಟಿ ಕೇಳಬಲ್ಲ ತರಂಗವನ್ನೇ ಆರಿಸಿಕೊಂಡರೆ ಆಯಿತು. ಬಲೂನಿನ ದನಿಯ ಕಂಪನಾಂಕ ಹೇಗೆ ಜರುಗುತ್ತದೆ ಅಂತ ನೋಡಿಯೇ ಶುಕ್ರನ ಗಾಳಿಯ ವೇಗ ಲೆಕ್ಕ ಹಾಕಬಹುದು.

ಇಲ್ಲಿ ರಸ್ತೆ ಗುಂಡಿ ಮುಚ್ಚಲು ದುಡ್ಡಿಲ್ಲ, ಶುಕ್ರಕ್ಕೆ ಬಲೂನು ಯಾಕೆ ಅಂತ ಪಾಲಕರು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿದವರನ್ನು ಯಾರೂ ಹೀಗಳೆಯಬಾರದು. ನನ್ನ ಉತ್ತರ ಇಷ್ಟು: ಶುಕ್ರ ಗಾತ್ರದಲ್ಲಿ ಭೂಮಿಯ ಸರಿಸಾಟಿ. ಒಂದು ಕಾಲಕ್ಕೆ ಅಲ್ಲಿ ನೀರಿತ್ತು ಅಂತ ಹಲವು ವಿಜ್ಞಾನಿಗಳು ನಂಬುತ್ತಾರೆ. ಅದು ಹೇಗೆ ಕುಲುಮೆಯಾಯಿತು ಅನ್ನುವುದು ಅದರ ಗಾಳಿಯಲ್ಲಿ ಬರೆದಿದೆ. ಬಿಸಿಯಾಗುತ್ತಿರುವ ಭೂಮಿಯಲ್ಲಿ, ಸಮುದ್ರದ ದಡದ ಈ ಊರಿನಲ್ಲಿ ಬದುಕುವ ನಮಗೆ ಆ ಓದು ಬೇಡವೇ? ಬಲೂನಿನ ವಿದ್ಯೆ ಶುಕ್ರಕ್ಕೇ ಮುಗಿಯುವುದೂ ಇಲ್ಲ. ತಿಂಗಳುಗಟ್ಟಲೆ ತೇಲುವ ಬಲೂನು ಅರಬ್ಬಿ ಸಮುದ್ರದ ಚಂಡಮಾರುತದ ಮೇಲೂ ತೇಲಬಲ್ಲದು.

ಹಾಗಾಗಿ ನಾನು ಕೇಳುವುದು ದೊಡ್ಡ ಘೋಷಣೆ ಅಲ್ಲ. ಮುಂದಿನ ಶುಕ್ರಯಾನಕ್ಕೆ ಉಪಕರಣಗಳ ಪ್ರಸ್ತಾವ ಕರೆಯುವಾಗ ಬಲೂನಿಗೂ ಜಾಗ ಇದೆ ಅಂತ ಒಂದು ಸಾಲು ಸೇರಿಸಿ. ಬಾಯಿ ಮುಚ್ಚಿದ ಬಲೂನಿನ ಪರೀಕ್ಷೆಗೆ ಹೈದರಾಬಾದಿನ ಕೇಂದ್ರಕ್ಕೆ ಬೇರೆಯಾಗಿ ಹಣ, ಜನ ಕೊಡಿ. ಅಲ್ಲಿ ಹಾಳೆ ಅಂಟಿಸಿ ಬಲೂನು ಕಟ್ಟುವ ಹಿರಿಯ ಕೆಲಸಗಾರರ ಕೈವಿದ್ಯೆ ಪುಸ್ತಕದಲ್ಲಿ ಸಿಗುವುದಿಲ್ಲ. ಅವರ ಜೊತೆ ಹೊಸಬರು ಈಗಲೇ ಕೂತು ಕಲಿಯಲಿ. ಫ್ರೆಂಚರ ಜೊತೆಗಿನ ಹಳೆಯ ಸ್ನೇಹವನ್ನು ಈ ಕೆಲಸಕ್ಕೆ ಬಳಸಿಕೊಳ್ಳಿ. ಕೊಯ್ನಾದ ಪ್ರಯೋಗಕ್ಕೆ ಅನುಮತಿ ಕೊಡಿಸಿ, ಅದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ನೆಹರೂ ತಾರಾಲಯದವರು, ಅಯೂಕಾದವರು ಇದರ ಬಗ್ಗೆ ಕನ್ನಡ, ಮರಾಠಿ ಎರಡರಲ್ಲೂ ಮಕ್ಕಳಿಗೆ ಹೇಳುವ ಹಾಗಾಗಲಿ.

ಮುಂಬೈ, ಪುಣೆಯ ಕನ್ನಡ ಸಂಘಗಳ ಹಿರಿಯರೇ, ನಿಮ್ಮ ಸಭಾಂಗಣದಲ್ಲಿ ವರ್ಷಕ್ಕೊಂದು ಸಂಜೆ ವಿಜ್ಞಾನಕ್ಕೆ ಕೊಡಿ. ಕೊಲಾಬಾದಲ್ಲಿ, ಪುಣೆಯಲ್ಲಿ ಕನ್ನಡ ಬಲ್ಲ ವಿಜ್ಞಾನಿಗಳು ಇದ್ದೇ ಇರುತ್ತಾರೆ. ಕರೆದರೆ ಬರುತ್ತಾರೆ. ಈ ಪತ್ರ ಸರಿ ಅನ್ನಿಸಿದರೆ ನಿಮ್ಮ ಸಂಘದ ಹೆಸರಿನಲ್ಲೂ ಒಂದು ಪತ್ರ ಬೆಂಗಳೂರಿನಲ್ಲಿರುವ ಇಸ್ರೋದ ಮುಖ್ಯ ಕಚೇರಿ ಅಂತರಿಕ್ಷ ಭವನಕ್ಕೆ ಬರೆಯಿರಿ.

ಅಧ್ಯಕ್ಷರೇ, ಬಲೂನು ಕಳಿಸಲು ಆಗುವುದಿಲ್ಲ ಅನ್ನುವುದಕ್ಕೆ ತಾಂತ್ರಿಕ ಕಾರಣ ಇದ್ದರೆ ಅದನ್ನೂ ಬಹಿರಂಗವಾಗಿ ಹೇಳಿ. ತೂಕದ ಕಾರಣವೋ, ಗ್ರಹದ ಗಾಳಿಗೆ ಇಳಿಯುವಾಗಿನ ಶಾಖ ಕವಚದ ಕಾರಣವೋ, ಹಣದ್ದೋ ನಮಗೂ ತಿಳಿಯಲಿ. ಆ ಕಾರಣಗಳನ್ನೇ ಪಾಠವಾಗಿ ತೆಗೆದುಕೊಂಡು ಕೆಲಸ ಮಾಡಬಲ್ಲ ಮಕ್ಕಳು ಈ ಊರಿನಲ್ಲಿದ್ದಾರೆ. ನಿಮ್ಮ ಉತ್ತರಕ್ಕೆ ಕಾಯುತ್ತೇವೆ.

ಇತಿ ವಿಶ್ವಾಸದ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಮಾಟುಂಗಾ, ಮುಂಬೈ